5 ಮಿ.ಮೀ. ಟ್ರೆಡ್ ಇದ್ದರೂ ಟೈರ್ ಬದಲಿಸಬೇಕಾ? ಭಾನುವಾರದ ಬಾಕ್ಸ್‌ಟರ್‌ಗೆ ಸರಿಯಾದ ಟೈರ್

ಪ್ರಶ್ನೆ: ಸರ್, ನನ್ನ ಬಳಿ 2014ರ ಪೋರ್ಶೆ ಬಾಕ್ಸ್‌ಟರ್ ಎಸ್ ಇದೆ, ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು. ವಾರವೆಲ್ಲಾ ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲೇ ನಿಂತಿರುತ್ತದೆ. ಭಾನುವಾರ ಬೆಳಗ್ಗೆ ಕೋಲಾರದ ಕಡೆ ಒಂದು ಸುತ್ತು, ರಜೆ ಸಿಕ್ಕರೆ ಸಕಲೇಶಪುರ, ಚಿಕ್ಕಮಗಳೂರು. ವರ್ಷಕ್ಕೆ 2,500 ಕಿ.ಮೀ. ದಾಟುವುದಿಲ್ಲ. ಟೈರ್‌ಗಳ ಮೇಲೆ 1817 ಅಂತ ಬರೆದಿದೆ, ಟ್ರೆಡ್, ಅಂದರೆ ಬಟನ್ ಆಳ, ಇನ್ನೂ 5 ಮಿ.ಮೀ. ಇದೆ. ಮುಂದೆ 235/40 ಝಡ್‌ಆರ್ 19, ಹಿಂದೆ 265/40 ಝಡ್‌ಆರ್ 19. ಸ್ಟೆಪ್ನಿ ಇಲ್ಲ. ಅಂಗಡಿಯವರು ಹಿಂದಿನ ಎರಡು ಮಾತ್ರ ಬದಲಿಸಿ ಸಾಕು, 265/40 ಸಿಗುತ್ತಿಲ್ಲ, 265/35 ಹಾಕಿಕೊಡ್ತೀನಿ, ಅದೂ ಬಾಕ್ಸ್‌ಟರ್ ಅಳತೆಯೇ ಅನ್ನುತ್ತಾರೆ. ಗೆಳೆಯನೊಬ್ಬ ಟ್ರ್ಯಾಕ್‌ಗೆ ಹೆಸರಾದ ಮಿಶೆಲಿನ್ ಕಪ್ 2 ಟೈರ್ ಹಾಕು ಅನ್ನುತ್ತಾನೆ. ವರ್ಷಕ್ಕೊಮ್ಮೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗುವುದುಂಟು. ಟೈರ್ ಮೇಲೆ ಪೋರ್ಶೆ ಒಪ್ಪಿಗೆಯ ಎನ್ ಗುರುತು ಇರಲೇಬೇಕಾ? ಏನು ಮಾಡಲಿ?

ಉತ್ತರ: ಮೊದಲು ತೀರ್ಮಾನ ಹೇಳಿಬಿಡುತ್ತೇನೆ. ನಾಲ್ಕೂ ಬದಲಿಸಿ. ಅಳತೆ ಈಗಿರುವುದೇ ಇರಲಿ. ಕಪ್ 2 ಬೇಡ. ಎನ್ ಗುರುತಿನದು ಹೊಸದಾಗಿ ಸಿಕ್ಕರೆ ತಗೊಳ್ಳಿ, ಆದರೆ ಆ ಒಂದು ಅಕ್ಷರಕ್ಕಾಗಿ ಹಳೇ ಸ್ಟಾಕ್ ಕೊಳ್ಳಬೇಡಿ.

ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ 5 ಮಿ.ಮೀ. ಅಲ್ಲ, 1817. ಅಂದರೆ 2017ರ 18ನೇ ವಾರದಲ್ಲಿ, ಏಪ್ರಿಲ್ ಕೊನೆ ಅಥವಾ ಮೇ ಮೊದಲಲ್ಲಿ, ತಯಾರಾದ ಟೈರ್. ದಿನಾ ಆಫೀಸಿಗೆ ಹೋಗುವ ಕಾರಿನ ಟೈರ್ ಸವೆದು ಮುಗಿಯುತ್ತದೆ. ಭಾನುವಾರದ ಕಾರಿನ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಲ್ಲಿ ಬಹಳ ಜನ ಇಲ್ಲೇ ಎಡವುತ್ತಾರೆ. ಬಗ್ಗಿ ನೋಡಿದರೆ ಬಟನ್ ಚೆನ್ನಾಗಿ ಕಾಣುತ್ತದೆ, ಟೈರ್ ಕಪ್ಪಗೆ ಹೊಳೆಯುತ್ತಿರುತ್ತದೆ, ಇಷ್ಟು ದುಡ್ಡಿನ ಟೈರ್ ಸುಮ್ನೆ ಯಾಕೆ ಎಸೆಯಬೇಕು ಅನಿಸುತ್ತದೆ.

ಟ್ರೆಡ್ ಮಾಡುವ ಕೆಲಸ ಬೇರೆ, ರಬ್ಬರ್ ಮಾಡುವ ಕೆಲಸ ಬೇರೆ. ಟ್ರೆಡ್‌ನ ಕಾಲುವೆಗಳು ನೀರನ್ನು ಪಕ್ಕಕ್ಕೆ ತಳ್ಳುತ್ತವೆ. ರಸ್ತೆಯನ್ನು ಹಿಡಿಯುವುದು ರಬ್ಬರ್. ಅದು ಮೆತ್ತಗಿದ್ದಾಗ ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಗಾಳಿಯಲ್ಲಿರುವ ಆಮ್ಲಜನಕ, ಓಝೋನ್, ಬಿಸಿಲು, ಶಾಖ ಸೇರಿ ವರ್ಷ ವರ್ಷ ರಬ್ಬರನ್ನು ಗಟ್ಟಿ ಮಾಡುತ್ತವೆ. ಪೆಟ್ಟಿಗೆಯಲ್ಲಿ ಬಹಳ ಕಾಲ ಬಿದ್ದಿದ್ದ ಪೆನ್ಸಿಲ್ ರಬ್ಬರ್ ಗಾತ್ರದಲ್ಲಿ ಒಂದಿಷ್ಟೂ ಕಮ್ಮಿಯಾಗಿರುವುದಿಲ್ಲ, ಆದರೆ ಅಳಿಸುವುದಿಲ್ಲ, ಕಾಗದದ ಮೇಲೆ ಜಾರುತ್ತದೆ. ನಿಮ್ಮ 5 ಮಿ.ಮೀ. ಟ್ರೆಡ್ ಈಗ ಹೆಚ್ಚುಕಮ್ಮಿ ಆ ಸ್ಥಿತಿಗೆ ಬಂದಿದೆ. ಒಣ ರಸ್ತೆಯಲ್ಲಿ ಮೆಲ್ಲಗೆ ಹೋಗುವಾಗ ಇದು ಗೊತ್ತೇ ಆಗುವುದಿಲ್ಲ. ಮೊದಲು ಕೈಕೊಡುವುದು ಮಳೆಯಲ್ಲಿ, ಅದೂ ಗಟ್ಟಿಯಾಗಿ ಬ್ರೇಕ್ ಹಿಡಿದಾಗ.

ನಿಲ್ಲಿಸಿಟ್ಟ ಕಾರಿಗೆ ಇನ್ನೊಂದು ತೊಂದರೆ ಇದೆ. ತಯಾರಿಸುವಾಗಲೇ ರಬ್ಬರ್‌ಗೆ ಒಂದು ಬಗೆಯ ಮೇಣ ಮತ್ತು ಓಝೋನ್ ತಡೆಯುವ ರಾಸಾಯನಿಕ ಬೆರೆಸಿರುತ್ತಾರೆ. ಟೈರ್ ಉರುಳುವಾಗ ಅದರ ಮೈ ಬಾಗಿ ಬಳುಕುತ್ತದೆ. ಆಗ ಅವು ಒಳಗಿನಿಂದ ಮೇಲಕ್ಕೆ ಬಂದು ತೆಳುವಾದ ರಕ್ಷಣೆಯ ಪದರ ಕಟ್ಟುತ್ತವೆ. ಸೈಡ್‌ವಾಲ್, ಅಂದರೆ ಟೈರ್‌ನ ಪಕ್ಕದ ಗೋಡೆಯ ಮೇಲೆ ಕೆಲವೊಮ್ಮೆ ಕಂದು ಬಣ್ಣ ಕಾಣುತ್ತದಲ್ಲ, ಅದು ಇದೇ. ಕಾರು ನಿಂತೇ ಇದ್ದರೆ ಈ ಪದರ ಸರಿಯಾಗಿ ಹೊಸದಾಗುತ್ತಿರುವುದಿಲ್ಲ. ಅದಕ್ಕೇ ಕಮ್ಮಿ ಓಡಿದ ಕಾರಿನ ಟೈರ್‌ನಲ್ಲಿ ಕೂದಲೆಳೆಯಂಥ ಬಿರುಕುಗಳು ಬೇಗ ಕಾಣಿಸುತ್ತವೆ. ಟೈರ್ ಪಾಲಿಶ್ ಹಚ್ಚಿ ಅದನ್ನು ಮುಚ್ಚಬೇಡಿ. ಪೆಟ್ರೋಲಿಯಂ ಬೆರೆತ ಪಾಲಿಶ್ ಆದರೆ ಆ ರಕ್ಷಣೆಯ ಪದರವನ್ನೇ ಕರಗಿಸಿ ಕೆಲಸ ಇನ್ನಷ್ಟು ಕೆಡಿಸುತ್ತದೆ.

ಎಷ್ಟು ವರ್ಷ ಇಟ್ಟುಕೊಳ್ಳಬಹುದು? ಪೋರ್ಶೆಯ ಮ್ಯಾನುಯಲ್ 6 ವರ್ಷ ಮೀರಿದ ಟೈರ್ ಬೇಡ ಅನ್ನುತ್ತದೆ. ಟೈರ್ ಕಂಪನಿಗಳು ಸ್ವಲ್ಪ ಸಡಿಲ. ಮಿಶೆಲಿನ್ 5 ವರ್ಷ ಆದ ಮೇಲೆ ಪ್ರತಿ ವರ್ಷ ತಪಾಸಣೆ ಮಾಡಿಸಿ, 10 ವರ್ಷಕ್ಕೆ ಹೇಗಿದ್ದರೂ ತೆಗೆಯಿರಿ ಅನ್ನುತ್ತದೆ. ಸಾಮಾನ್ಯ ಕಾರಿಗೆ ಆ ಸಡಿಲಿಕೆ ನಡೆಯಬಹುದು. 315 ಕುದುರೆ ಶಕ್ತಿಯ, ಹಿಂದಿನ ಚಕ್ರ ತಳ್ಳುವ ಕಾರಿಗೆ ನಾನು 6 ವರ್ಷಕ್ಕೆ ಗೆರೆ ಎಳೆಯುತ್ತೇನೆ. 2013ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ತೀರಿಕೊಂಡ ಅಪಘಾತ ನಿಮಗೆ ನೆನಪಿರಬಹುದು. ಕಾರು 2005ರ ಪೋರ್ಶೆ ಕರೆರಾ ಜಿಟಿ. ಮುಖ್ಯ ಕಾರಣ ಅತಿವೇಗ ಎಂದೇ ತನಿಖೆ ಹೇಳಿತು. ಗಂಟೆಗೆ 72 ಕಿ.ಮೀ. ಮಿತಿಯ ರಸ್ತೆಯಲ್ಲಿ ಕಾರು 130ರಿಂದ 150ರ ವೇಗದಲ್ಲಿತ್ತು. ಆದರೆ ಟೈರ್‌ಗಳಿಗೆ 9 ವರ್ಷ ಆಗಿತ್ತು, ಅದರಿಂದ ಕಾರಿನ ಹಿಡಿತ ಕುಂದಿರಬಹುದು ಎಂದೂ ವರದಿಯಲ್ಲಿತ್ತು. ಕಮ್ಮಿ ಓಡಿಸುವ, ಜೋಪಾನವಾಗಿ ಇಟ್ಟುಕೊಂಡ ಕಾರುಗಳಲ್ಲೇ ಇಂಥ ಹಳೇ ಟೈರ್ ಉಳಿದುಬಿಡುತ್ತದೆ.

ಇನ್ನು ಹಿಂದಿನ ಎರಡು ಮಾತ್ರ ಸಾಕಾ ಅನ್ನುವ ವಿಷಯ. ಮುಂದಿನವೂ 2017ರವೇ ಆಗಿರುವುದರಿಂದ ಸಾಲದು. ಹಿಂದೆ ಹೊಸ ರಬ್ಬರ್, ಮುಂದೆ ಗಟ್ಟಿಯಾದ ರಬ್ಬರ್ ಇದ್ದರೆ ಮಳೆಯಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ತಿರುಗದೆ ಕಾರು ನೇರ ಹೋಗುತ್ತದೆ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬೀಳುತ್ತದೆ, ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಟೈರ್‌ಗಳದ್ದೇ. ಉಲ್ಟಾ ಮಾಡಿದರೆ, ಅಂದರೆ ಮುಂದೆ ಮಾತ್ರ ಹೊಸದು ಹಾಕಿದರೆ, ಇನ್ನೂ ಅಪಾಯ. ಇಂಜಿನ್ ಮಧ್ಯದಲ್ಲಿರುವ ಕಾರಿನ ಹಿಂಭಾಗ ಒಮ್ಮೆ ಜಾರಿದರೆ ಬೇಗ ಗಿರಕಿ ಹೊಡೆಯುತ್ತದೆ, ಸರಿಪಡಿಸಿಕೊಳ್ಳಲು ಸಮಯ ಕೊಡುವುದಿಲ್ಲ. ಮುಂದೆ ಒಂದು ದಿನ ಹಿಂದಿನವು ಬೇಗ ಸವೆದು, ಮುಂದಿನವು ಇನ್ನೂ ಎಳೆಯವಾಗಿದ್ದರೆ ಆಗ ಅದೇ ಕಂಪನಿಯ ಅದೇ ಮಾಡೆಲ್‌ನ ಎರಡು ಹಾಕಿಸಿಕೊಳ್ಳಬಹುದು. ಈಗ ಆ ಪರಿಸ್ಥಿತಿ ಇಲ್ಲ.

265/35ರ ವಿಚಾರಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಅಂಗಡಿಯವರು ಸುಳ್ಳು ಹೇಳಿಲ್ಲ. ನಿಮ್ಮದಕ್ಕಿಂತ ಹಿಂದಿನ ತಲೆಮಾರಿನ ಬಾಕ್ಸ್‌ಟರ್‌ಗೆ 19 ಇಂಚಿನ ಚಕ್ರ ಹಾಕಿದಾಗ ಹಿಂದೆ 265/35 ಬರುತ್ತಿತ್ತು. ಆದರೆ ಆ ಕಾರಿನ ಮುಂದೆ ಇದ್ದದ್ದು 235/35. ಎರಡೂ 35, ಜೋಡಿ ಸರಿಯಾಗಿತ್ತು. ನಿಮ್ಮ ಕಾರಿನಲ್ಲಿ ಎರಡೂ 40.

ಲೆಕ್ಕ ಹಾಕಿ ನೋಡಿ. 265/40 ಝಡ್‌ಆರ್ 19ರಲ್ಲಿ 265 ಅಂದರೆ ಮಿ.ಮೀ.ನಲ್ಲಿ ಟೈರ್‌ನ ಅಗಲ, 40 ಅಂದರೆ ಸೈಡ್‌ವಾಲ್ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನುವುದು, 19 ಅಂದರೆ ಇಂಚಿನಲ್ಲಿ ಚಕ್ರದ ವ್ಯಾಸ. 19 ಇಂಚು ಅಂದರೆ 482.6 ಮಿ.ಮೀ. 265ರ ಶೇಕಡಾ 40 ಅಂದರೆ 106. ಅದು ಮೇಲೆ ಕೆಳಗೆ ಎರಡು ಸಲ ಬರುತ್ತದೆ. ಒಟ್ಟು ವ್ಯಾಸ 694.6 ಮಿ.ಮೀ. ಅದೇ 265/35 ಆದರೆ 668.1. ಮುಂದಿನ 235/40ರ ವ್ಯಾಸ 670.6. ಅಂದರೆ ಮುಂದಿನ ಚಕ್ರಕ್ಕಿಂತ 24 ಮಿ.ಮೀ. ದೊಡ್ಡದಿರಬೇಕಾದ ಹಿಂದಿನ ಚಕ್ರ 2.5 ಮಿ.ಮೀ. ಚಿಕ್ಕದಾಗುತ್ತದೆ! ವ್ಯತ್ಯಾಸ ಸುಮಾರು ಶೇಕಡಾ 3.8. ಎಬಿಎಸ್ ಮತ್ತು ಪೋರ್ಶೆಯ ಸ್ಟೆಬಿಲಿಟಿ ವ್ಯವಸ್ಥೆ ನಾಲ್ಕು ಚಕ್ರಗಳ ತಿರುಗುವ ವೇಗವನ್ನು ಒಂದಕ್ಕೊಂದು ಹೋಲಿಸಿಯೇ ಯಾವ ಚಕ್ರ ಜಾರುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಹಿಂದಿನ ಎರಡೂ ಚಕ್ರ ಯಾವಾಗಲೂ ಜೋರಾಗಿ ತಿರುಗುತ್ತಿದ್ದರೆ ಅದಕ್ಕೆ ಸಿಗುವುದು ತಪ್ಪು ಮಾಹಿತಿ. ಕಾರಿನ ಹಿಂಭಾಗವೂ 13 ಮಿ.ಮೀ. ಕೆಳಗಿಳಿಯುತ್ತದೆ, ನಮ್ಮ ಹಂಪ್‌ಗಳ ಮೇಲೆ ಅದು ಕಮ್ಮಿ ಏನಲ್ಲ. ಸರಿಯಾದ ಅಳತೆಗೆ ತಿಂಗಳು ಕಾಯಬೇಕಾದರೂ ಕಾಯಿರಿ. ಹೇಗೂ ಇದು ದಿನಾ ಬೇಕಾದ ಕಾರಲ್ಲ.

ಅಳತೆಯ ಕೊನೆಯಲ್ಲಿರುವ, ವೇಗದ ಮಿತಿ ಹೇಳುವ ಅಕ್ಷರವನ್ನೂ ನೋಡಿ. ನಿಮ್ಮ ಕಾರಿನ ಗರಿಷ್ಠ ವೇಗ 279 ಕಿ.ಮೀ. ಎಂದು ಕಂಪನಿ ಹೇಳಿತ್ತು. ಡಬ್ಲ್ಯೂ ಗುರುತಿನ ಟೈರ್‌ನ ಮಿತಿ 270, ವೈ ಗುರುತಿನದ್ದು 300. ಆದ್ದರಿಂದ ವೈ ಬೇಕು. ಆ ವೇಗದಲ್ಲಿ ನೀವು ಹೋಗುವುದಿಲ್ಲ, ಹೋಗಲೂಬಾರದು. ಆದರೆ ಈ ಗುರುತು ನಿಜವಾಗಿ ಹೇಳುವುದು ಟೈರ್ ಎಷ್ಟು ಶಾಖ ತಡೆಯುತ್ತದೆ ಅನ್ನುವುದನ್ನು. ಮೇ ತಿಂಗಳ ಮಧ್ಯಾಹ್ನ ಕೋಲಾರ ದಾಟಿ ತಮಿಳುನಾಡಿನ ಬಯಲಿಗೆ ಇಳಿದಾಗ ಆ ತಾಕತ್ತು ಬೇಕಾಗುತ್ತದೆ.

ಎನ್ ಗುರುತಿಗೆ ಬರೋಣ. ಎನ್0, ಎನ್1, ಎನ್2 ಅಂತ ಸೈಡ್‌ವಾಲ್ ಮೇಲೆ ಇದ್ದರೆ ಪೋರ್ಶೆ ತನ್ನ ಕಾರಿನ ಮೇಲೆ ಆ ಟೈರನ್ನು ಪರೀಕ್ಷಿಸಿ ಒಪ್ಪಿದೆ ಎಂದರ್ಥ. ಅಂಕಿ ಜಾಸ್ತಿಯಾದರೆ ಅದೇ ಟೈರ್‌ನ ಹೊಸ ಆವೃತ್ತಿ. ಬಿಎಂಡಬ್ಲ್ಯೂ ನಕ್ಷತ್ರ ಹಾಕುತ್ತದೆ, ಮರ್ಸಿಡಿಸ್ ಎಂಒ ಅನ್ನುತ್ತದೆ. ಇದು ಬರೀ ಹೆಸರಿಗಲ್ಲ. ಒಂದೇ ಮಾಡೆಲ್ ಆದರೂ ಎನ್ ಆವೃತ್ತಿಯ ರಬ್ಬರ್ ಮಿಶ್ರಣ, ಒಳಗಿನ ಕಟ್ಟಡ ಬೇರೆ ಇರಬಹುದು. ಮುಂದೆ ಹಿಂದೆ ಬೇರೆ ಬೇರೆ ಅಗಲದ ಟೈರ್ ಇರುವ ಕಾರಿನಲ್ಲಿ ಆ ಜೋಡಿಯ ಹೊಂದಾಣಿಕೆ ಮುಖ್ಯ. ಹಾಗಾಗಿ ನಾಲ್ಕೂ ಎನ್ ಗುರುತಿನವು, ಇತ್ತೀಚಿನ ತಾರೀಖಿನವು ಸಿಕ್ಕರೆ ಎರಡನೇ ಯೋಚನೆ ಬೇಡ. ಸಿಗದಿದ್ದರೆ ಒಳ್ಳೆಯ ಕಂಪನಿಯ, ಗುರುತಿಲ್ಲದ, ಒಂದೇ ಮಾಡೆಲ್‌ನ ನಾಲ್ಕು ಹೊಸ ಟೈರ್ ಹಾಕಿ. ಮುಂದೆ ಎನ್ ಇರುವುದು, ಹಿಂದೆ ಇಲ್ಲದ್ದು ಹೀಗೆ ಬೆರಕೆ ಮಾತ್ರ ಮಾಡಬೇಡಿ. ನಾಲ್ಕು ವರ್ಷ ಗೋಡೌನಿನಲ್ಲಿ ಕೂತ ಎನ್ ಟೈರ್‌ಗಿಂತ ನಾಲ್ಕು ತಿಂಗಳ ಹಿಂದೆ ಬಂದ ಸಾಮಾನ್ಯ ಆವೃತ್ತಿ ನಿಮ್ಮ ಬಳಕೆಗೆ ಎಷ್ಟೋ ಮೇಲು.

ಯಾವ ಟೈರ್? ಇಲ್ಲಿ ನಿಮ್ಮ 2,500 ಕಿ.ಮೀ. ದೊಡ್ಡ ಅನುಕೂಲ ಮಾಡಿಕೊಡುತ್ತದೆ. ಹಿಂದಿನ ಟೈರ್ ಬರೀ 20,000 ಕಿ.ಮೀ. ಬಾಳುತ್ತದೆ ಅಂದುಕೊಳ್ಳಿ. ನಿಮಗೆ ಅದು 8 ವರ್ಷ. ಅಷ್ಟರೊಳಗೆ ವಯಸ್ಸೇ ಮುಗಿದಿರುತ್ತದೆ. ಅಂದರೆ ಬಾಳಿಕೆ ಜಾಸ್ತಿ, ಮೈಲೇಜ್ ಜಾಸ್ತಿ ಎಂದು ಮಾರುವ ಗಟ್ಟಿ ರಬ್ಬರ್‌ನ ಟೈರ್‌ನಿಂದ ನಿಮಗೆ ನಯಾಪೈಸೆ ಲಾಭವಿಲ್ಲ. ಬಾಳದ ಬಾಳಿಕೆಗೆ ದುಡ್ಡು ಕೊಟ್ಟು, ಬೇಕಾದ ಹಿಡಿತ ಕಳೆದುಕೊಂಡಂತಾಗುತ್ತದೆ. ಸೈಡ್‌ವಾಲ್ ಮೇಲೆ ಟ್ರೆಡ್‌ವೇರ್ ಎಂದು ಒಂದು ಅಂಕಿ ಇರುತ್ತದೆ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಎಸ್‌ಗೆ 300, ಕಪ್ 2ಗೆ 180. ಅಂಕಿ ದೊಡ್ಡದಾದಷ್ಟು ನಿಧಾನ ಸವೆತ. ಅದನ್ನು ಕಂಪನಿಗಳೇ ಪರೀಕ್ಷಿಸಿ ಕೊಟ್ಟುಕೊಳ್ಳುವುದರಿಂದ ಎರಡು ಕಂಪನಿಗಳ ನಡುವೆ ಹೋಲಿಸಲು ಅಷ್ಟು ನಂಬಿಕೆಗೆ ಅರ್ಹವಲ್ಲ. ಒಂದೇ ಕಂಪನಿಯ ಎರಡು ಮಾಡೆಲ್ ಹೋಲಿಸಲು ಉಪಯೋಗಕ್ಕೆ ಬರುತ್ತದೆ.

ನಿಮಗೆ ಬೇಕಾದದ್ದು ರಸ್ತೆಗೆಂದೇ ಮಾಡಿದ, ಮೇಲ್ದರ್ಜೆಯ ಸಮ್ಮರ್ ಟೈರ್. ಸಮ್ಮರ್ ಅಂದ ತಕ್ಷಣ ಮಳೆಗಾಲಕ್ಕೆ ಆಗದು ಅಂದುಕೊಳ್ಳಬೇಡಿ. ಅದರ ರಬ್ಬರ್ ತೊಂದರೆ ಕೊಡುವುದು ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ. ಬೆಂಗಳೂರಿನಿಂದ ಚಿಕ್ಕಮಗಳೂರಿನವರೆಗೆ ನಿಮಗೆ ಅಂಥ ಚಳಿ ಸಿಗುವುದಿಲ್ಲ. ಸಿಲಿಕಾ ಬೆರೆಸಿದ ಈ ಮೆತ್ತನೆ ರಬ್ಬರ್ ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ನನ್ನ ಮೊದಲ ಆಯ್ಕೆ ಪೈಲಟ್ ಸ್ಪೋರ್ಟ್ 4 ಎಸ್. ಒಣ ರಸ್ತೆ, ಒದ್ದೆ ರಸ್ತೆ ಎರಡರಲ್ಲೂ ಅದರ ನಡತೆ ಮೊದಲೇ ಊಹಿಸುವಂತಿರುತ್ತದೆ, ಕೈಬಿಡುವ ಮುಂಚೆ ಸ್ಟಿಯರಿಂಗ್ ಮೂಲಕ ಸೂಚನೆ ಕೊಡುತ್ತದೆ. ಪಿರೆಲ್ಲಿ ಪಿ ಝೀರೋ ಪೋರ್ಶೆಗಳ ಹಳೇ ಜೊತೆಗಾರ, ಎನ್ ಗುರುತಿನೊಂದಿಗೆ ಸಿಗುವ ಸಾಧ್ಯತೆ ಅದರಲ್ಲೇ ಜಾಸ್ತಿ. ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್ 7, ಬ್ರಿಜ್‌ಸ್ಟೋನ್ ಪೊಟೆನ್ಝಾ ಸ್ಪೋರ್ಟ್, ಗುಡ್‌ಇಯರ್ ಈಗಲ್ ಎಫ್1 ಸಾಲಿನ ಹೊಸವು, ಇವುಗಳಲ್ಲಿ ಯಾವುದು ಎರಡೂ ಅಳತೆಯಲ್ಲಿ ಒಟ್ಟಿಗೆ ಬಂದರೂ ಕಣ್ಣುಮುಚ್ಚಿ ತಗೊಳ್ಳಬಹುದು. ಈ ಮಟ್ಟದ ಟೈರ್‌ಗಳ ನಡುವಿನ ವ್ಯತ್ಯಾಸ, ಹಳೇ ಟೈರ್‌ಗೂ ಹೊಸ ಟೈರ್‌ಗೂ ಇರುವ ವ್ಯತ್ಯಾಸದ ಮುಂದೆ ಬಹಳ ಚಿಕ್ಕದು.

ಹಾಗಾದರೆ ಬಾಳಿಕೆ ಬೇಡ ಅಂದಮೇಲೆ ಕಪ್ 2 ಯಾಕಾಗಬಾರದು? ನಿಮ್ಮ ಗೆಳೆಯರ ವಾದ ಇದೇ ಇರಬೇಕು. ಟ್ರ್ಯಾಕ್‌ನಲ್ಲಿ ಅದು ಅದ್ಭುತ ಟೈರ್, ಅನುಮಾನವೇ ಇಲ್ಲ. ಆದರೆ ಅದು ಬಿಸಿಯಾದಾಗ ಮಾತ್ರ ತನ್ನ ಕೆಲಸ ಪೂರ್ತಿ ಮಾಡುತ್ತದೆ. ಇರುಂಗಾಟ್ಟುಕೋಟೈನಲ್ಲಿ ಎರಡು ಮೂರು ಸುತ್ತು ಹೊಡೆದರೆ ಬರುವ ಬಿಸಿ, ಭಾನುವಾರ ಬೆಳಗ್ಗೆ ಆರು ಗಂಟೆಗೆ ಹೈವೇಯಲ್ಲಿ ನೆಟ್ಟಗೆ ಹೋದರೆ ಬರುವುದಿಲ್ಲ. ಅದರ ಟ್ರೆಡ್‌ನಲ್ಲಿ ನೀರಿನ ಕಾಲುವೆಯೂ ಕಮ್ಮಿ.

ಜೋರಾಗಿ ಹೋಗುವಾಗ ಟೈರ್ ರಸ್ತೆ ಬಿಟ್ಟು ನೀರಿನ ಮೇಲೆ ತೇಲುವ ಬಗ್ಗೆ 1960ರ ದಶಕದಲ್ಲಿ ನಾಸಾ ವಿಮಾನದ ಟೈರ್‌ಗಳ ಮೇಲೆ ಪರೀಕ್ಷೆ ಮಾಡಿ ಒಂದು ಸರಳ ಲೆಕ್ಕ ಕೊಟ್ಟಿತು. ಗಾಳಿಯ ಒತ್ತಡವನ್ನು ಪಿಎಸ್‌ಐನಲ್ಲಿ ತಗೊಂಡು, ಅದರ ವರ್ಗಮೂಲವನ್ನು 9ರಿಂದ ಗುಣಿಸಿದರೆ ತೇಲತೊಡಗುವ ವೇಗ ನಾಟ್‌ಗಳಲ್ಲಿ ಬರುತ್ತದೆ. 33 ಪಿಎಸ್‌ಐ ಇದ್ದರೆ ಸುಮಾರು 52 ನಾಟ್, ಅಂದರೆ ಗಂಟೆಗೆ 96 ಕಿ.ಮೀ. ಇದು ಕಾಲುವೆಗಳಲ್ಲಿ ಹಿಡಿಸದಷ್ಟು ನೀರು ನಿಂತಾಗಿನ ಮಾತು. ಒಳ್ಳೆಯ ಆಳವಾದ ಟ್ರೆಡ್ ಈ ಮಿತಿಯನ್ನು ಮೇಲಕ್ಕೆ ಒಯ್ಯುತ್ತದೆ. 265ರಷ್ಟು ಅಗಲ ಮತ್ತು 1,320 ಕಿಲೋದಷ್ಟು ಹಗುರ ಕಾರು ಅದನ್ನು ಕೆಳಕ್ಕೆ ಎಳೆಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರದಾಚೆ ಶಿರಾಡಿ ಘಾಟಿಯಲ್ಲಿ ರಸ್ತೆ ಮೇಲೆ ನೀರು ಹರಿಯುವುದನ್ನು ನೀವೇ ನೋಡಿರುತ್ತೀರಿ. ಅಲ್ಲಿಗೆ ಕಾಲುವೆ ಕಮ್ಮಿಯ ಟೈರ್ ಹಾಕಿಕೊಂಡು ಹೋಗಿ ಅಂತ ನಾನು ಯಾರಿಗೂ ಹೇಳಲಾರೆ.

ವರ್ಷಕ್ಕೊಂದು ಟ್ರ್ಯಾಕ್ ದಿನವನ್ನು ಪೈಲಟ್ ಸ್ಪೋರ್ಟ್ 4 ಎಸ್ ಧಾರಾಳವಾಗಿ ತಡೆಯುತ್ತದೆ. ನಾಲ್ಕೈದು ಸುತ್ತು ಹೊಡೆದು ಒಂದು ತಣ್ಣನೆ ಸುತ್ತು ಹಾಕಿ, ಪಿಟ್‌ಗೆ ಬಂದು ಬಿಸಿ ಟೈರ್‌ನ ಗಾಳಿ ನೋಡಿ, ಏರಿದ್ದಷ್ಟನ್ನು ಇಳಿಸಿ. ವಾಪಸ್ ಹೊರಡುವ ಮುನ್ನ ತಣ್ಣಗಾದ ಮೇಲೆ ಮತ್ತೆ ತುಂಬಿಸಿ, ಇದನ್ನು ಬಹಳ ಜನ ಮರೆಯುತ್ತಾರೆ. ಮುಂದೆ ಟ್ರ್ಯಾಕ್‌ನ ಹುಚ್ಚು ಹತ್ತಿದರೆ ಇನ್ನೊಂದು ಸೆಟ್ ಚಕ್ರ ತಗೊಂಡು ಅದಕ್ಕೆ ಕಪ್ 2 ಹಾಕಿಸಿ.

ಕೊಳ್ಳುವಾಗಿನ ಕಷ್ಟ ಬೇರೆಯೇ ಇದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ತರಿಸಲು ಲೈಸೆನ್ಸ್ ಬೇಕು. ಅದಕ್ಕೂ ಮೊದಲಿನಿಂದ ಐಎಸ್‌ಐ ಗುರುತಿನ ಕಟ್ಟುಪಾಡು ಇದೆ. ಬಾಕ್ಸ್‌ಟರ್‌ನಂಥ ಕಾರಿನ ಅಳತೆಗೆ ಗಿರಾಕಿಗಳೇ ಕಮ್ಮಿ, ಹಾಗಾಗಿ ಅಂಗಡಿಯವರು ತರಿಸಿಡುವುದಿಲ್ಲ, ಒಮ್ಮೆ ತರಿಸಿದ್ದು ಬೇಗ ಖರ್ಚಾಗುವುದೂ ಇಲ್ಲ. ಹಳೇ ಸ್ಟಾಕ್ ಕೈಗೆ ಬರುವುದು ಹೀಗೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿ, ಅಧಿಕೃತ ಡೀಲರ್‌ಗಳ ಹತ್ತಿರ ಕೇಳಿ, ಪೋರ್ಶೆ ಸರ್ವಿಸ್‌ನಲ್ಲೂ ಕೇಳಿ. ಆದರೆ ಅಡ್ವಾನ್ಸ್ ಕೊಡುವ ಮೊದಲು ನಾಲ್ಕೂ ಟೈರ್‌ನ ತಾರೀಖಿನ ಫೋಟೋ ತರಿಸಿಕೊಳ್ಳಿ. ಅಂಗಡಿಯಲ್ಲಿ ಕಳೆದ ಪ್ರತಿ ವರ್ಷವೂ ನಿಮ್ಮ 6 ವರ್ಷದಿಂದ ಕಳೆಯುತ್ತದೆ. ಒಂದು ವರ್ಷದೊಳಗಿನದು ಸರಿ. ಎರಡು ವರ್ಷ ದಾಟಿದ್ದಕ್ಕೆ ಭಾರೀ ಡಿಸ್ಕೌಂಟ್ ಕೊಟ್ಟರೂ ನಾನು ಬೇಡ ಅನ್ನುತ್ತೇನೆ. ವಿದೇಶದಿಂದ ಬಂದ ಬಳಸಿದ ಟೈರ್ ಅಂತ ಯಾರಾದರೂ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಮತ್ತು ಬಿಲ್ ಮೇಲೆ ಟೈರ್‌ನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿ ಕೇಳುವಾಗ ಬೇಕಾಗುತ್ತದೆ.

20 ಇಂಚಿನ ಚಕ್ರ ಹಾಕಿಸಿ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಒಪ್ಪಬೇಡಿ. ಈಗಲೇ ಮುಂದಿನ ಸೈಡ್‌ವಾಲ್ 94 ಮಿ.ಮೀ. ಮಾತ್ರ. ನಮ್ಮ ರಸ್ತೆಯ ಗುಂಡಿಗೆ ಅಷ್ಟಾದರೂ ರಬ್ಬರ್ ಬೇಕು. ಗುಂಡಿಗೆ ಬಿದ್ದ ಮೇಲೆ ಸೈಡ್‌ವಾಲ್ ಒಂದು ಕಡೆ ಊದಿಕೊಂಡರೆ ಒಳಗಿನ ದಾರಗಳು ಹರಿದಿವೆ ಎಂದರ್ಥ, ಅದಕ್ಕೆ ರಿಪೇರಿ ಇಲ್ಲ. ಸ್ಟೆಪ್ನಿ ಇಲ್ಲ ಅಂದಿದ್ದೀರಿ. ಕಾರಿನಲ್ಲಿರುವ ಸೀಲೆಂಟ್ ಡಬ್ಬಿಗೂ ಮುಗಿಯುವ ತಾರೀಖು ಇರುತ್ತದೆ. 2014ರದ್ದೇ ಇನ್ನೂ ಅಲ್ಲಿದ್ದರೆ ಇದರ ಜೊತೆಗೇ ಹೊಸದು ತಗೊಳ್ಳಿ.

ಫಿಟ್ ಮಾಡಿಸುವ ದಿನ ನೀವೇ ಹತ್ತಿರ ನಿಂತುಕೊಳ್ಳಿ. ಟೈರ್ ಒತ್ತಡ ತೋರಿಸುವ ಸೆನ್ಸರ್ ಚಕ್ರದೊಳಗೆ ಇದ್ದರೆ ಅದರ ಬ್ಯಾಟರಿಗೆ ಸುಮಾರು ಹತ್ತು ವರ್ಷದ ಆಯಸ್ಸು. ಹೇಗೂ ಟೈರ್ ಬಿಚ್ಚುತ್ತೀರಿ, ಈಗಲೇ ಬದಲಿಸಿಬಿಡಿ. ಬೋಲ್ಟ್‌ಗಳನ್ನು ಏರ್ ಗನ್‌ನಲ್ಲಿ ಬಿಗಿಯಲು ಬಿಡಬೇಡಿ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಕೇಳಿ. ನಿಮ್ಮ ಕಾರಿಗೆ 160 ನ್ಯೂಟನ್ ಮೀಟರ್. ನಂತರ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ. ಹಳೇ ಹಿಂದಿನ ಟೈರ್‌ಗಳ ಒಳ ಅಂಚನ್ನು ಬಿಚ್ಚಿದಾಗಲೇ ಕೈಯಿಂದ ಸವರಿ ನೋಡಿ. ಈ ಕಾರಿನ ಹಿಂದಿನ ಚಕ್ರ ಸ್ವಲ್ಪ ಒಳಕ್ಕೆ ವಾಲಿಕೊಂಡೇ ಇರುವುದರಿಂದ ಒಳ ಅಂಚು ಸ್ವಲ್ಪ ಮೊದಲು ಸವೆಯುವುದು ಸಹಜ. ಹೊರಗೆ 5 ಮಿ.ಮೀ., ಒಳಗೆ ಬೋಳು ಅಂತಾಗಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ, ಆ ಮಾತನ್ನು ಮೆಕ್ಯಾನಿಕ್‌ಗೆ ಹೇಳಿ.

ಗಾಳಿ ಎಷ್ಟು ಅನ್ನುವುದು ಕಾರಿನ ಬಾಗಿಲ ಬಳಿಯ ಸ್ಟಿಕರ್‌ನಲ್ಲೇ ಇದೆ. ಬೆಳಗ್ಗೆ ಹೊರಡುವ ಮುನ್ನ, ಟೈರ್ ತಣ್ಣಗಿದ್ದಾಗ ನೋಡಿ. ನೈಟ್ರೋಜನ್ ಬೇಕಿಲ್ಲ, ಸಾಮಾನ್ಯ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಹೊಸ ಟೈರ್‌ನ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದಿರುತ್ತದೆ. ಮೊದಲ 200 ಕಿ.ಮೀ. ತಿರುವಿನಲ್ಲೂ ಬ್ರೇಕ್‌ನಲ್ಲೂ ನಿಧಾನ ಇರಲಿ. ಅಷ್ಟರಲ್ಲಿ ಒಮ್ಮೆ ಬೋಲ್ಟ್‌ಗಳ ಬಿಗಿಯನ್ನು ಮತ್ತೆ ನೋಡಿಸಿ. ಆಮೇಲೆ ಎರಡು ಮೂರು ವಾರ ಕಾರು ನಿಂತು ಹೊರಟಾಗ ಮೊದಲ ಕೆಲವು ಕಿಲೋಮೀಟರ್ ಸ್ಟಿಯರಿಂಗ್ ಸಣ್ಣಗೆ ನಡುಗಿದರೆ ಗಾಬರಿ ಬೇಡ. ನಿಂತ ಜಾಗದಲ್ಲಿ ಟೈರ್ ಸ್ವಲ್ಪ ಚಪ್ಪಟೆಯಾಗಿರುತ್ತದೆ, ಬಿಸಿಯಾದಂತೆ ದುಂಡಗಾಗುತ್ತದೆ. 20 ಕಿ.ಮೀ. ಆದರೂ ನಡುಕ ನಿಲ್ಲದಿದ್ದರೆ ಬ್ಯಾಲೆನ್ಸಿಂಗ್ ಮತ್ತೊಮ್ಮೆ ಮಾಡಿಸಿ.